ಕುಲುಮೆಯ ಸೋರಿಕೆ

“ಗುರುಗಳೇ, ಅಮರಪ್ಪನನ್ನು ಇಂದೇ ಕಳಿಸಿಬಿಡಲೇ?” ಎಂದು ಹಿರಿಯ ಶಿಷ್ಯ ಕೇಳಿದ. “ತಾವು ಹೇಳಿದ್ದಕ್ಕೆ ಹತ್ತೊಂಬತ್ತು ಮಂದಿ ‘ಹೂಂ’ ಅನ್ನುತ್ತೇವೆ. ಅವನೊಬ್ಬ ಮಾತ್ರ ‘ಯಾಕೆ?’ ಅನ್ನುತ್ತಾನೆ. ಅವನ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿದ್ದೇನೆ.”

ಗುರು ಗಂಟಿನತ್ತ ನೋಡಿ ಒಂದು ಕತೆ ಹೇಳಿದರು.

ಒಬ್ಬಳು ವಿಜ್ಞಾನಿ ಇದ್ದಳು. ಇಂಗಾಲವನ್ನು ಕುಲುಮೆಯಲ್ಲಿ ಕಾಯಿಸಿ, ಒಂದೇ ಪರಮಾಣುವಿನಷ್ಟು ತೆಳುವಾದ ಹಾಳೆ ಮಾಡುತ್ತಿದ್ದಳು. ಅದಕ್ಕೆ ಗ್ರಾಫೀನ್ ಎಂದು ಹೆಸರು. ಆ ಹಾಳೆಗಳಿಂದ ವಿದ್ಯುತ್ ಹಿಡಿದಿಡುವ ಪೆಟ್ಟಿಗೆ ಕಟ್ಟಿದಳು. ಆಸ್ಪತ್ರೆಯಲ್ಲಿ ಕರೆಂಟು ಹೋದರೆ, ಜನರೇಟರ್ ಶುರುವಾಗುವ ತನಕ ಎಳೆಗೂಸಿನ ಉಸಿರಾಟದ ಯಂತ್ರ ನಿಲ್ಲಬಾರದು. ಅಷ್ಟೇ ಅದರ ಕೆಲಸ. ಮೊದಲ ಪೆಟ್ಟಿಗೆ ಐದು ನಿಮಿಷ ತಡೆಯಿತು. ಆಸ್ಪತ್ರೆಯವರು ಇನ್ನೊಂದು ಕೇಳಿದರು.

ಅಷ್ಟರಲ್ಲಿ ಮೊದಲ ಹಾಳೆಯ ಪರೀಕ್ಷೆಯ ವರದಿ ಬಂತು. ಇಂಗಾಲದ ನಡುವೆ ನೂರಕ್ಕೆ ಐದು ಪಾಲು ಸಾರಜನಕ ಸೇರಿಕೊಂಡಿತ್ತು. ಸಾರಜನಕವುಳ್ಳ ಅಮೋನಿಯಾ ಅನಿಲ ಕೊಳವೆಯಿಂದ ಕುಲುಮೆಯೊಳಕ್ಕೆ ಸೋರುತ್ತಿತ್ತು. ಮಡಿವಂತೆಯ ಅಡುಗೆಯಲ್ಲಿ ಕೂದಲು ಸಿಕ್ಕಂತೆ ಅವಳಿಗೆ ನಾಚಿಕೆಯಾಯಿತು. ಸೋರಿಕೆ ಮುಚ್ಚಿಸಿ, ಕುಲುಮೆ ತೊಳೆಸಿ, ಅಪ್ಪಟ ಇಂಗಾಲದ ಹಾಳೆ ತೆಗೆದು ಎರಡನೆಯ ಪೆಟ್ಟಿಗೆ ಕಟ್ಟಿದಳು. ಕುಲುಮೆ ಕಾಯುವ ಮುದುಕ, “ಆಸ್ಪತ್ರೆಗೆ ಒಯ್ಯುವ ಮೊದಲು ಒಂದ್ಸಲ ಇಲ್ಲೇ ನಡೆಸಿ ನೋಡೋಣ ತಾಯಿ” ಅಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಲಸು ತೆಗೆದರೆ ಕೆಡುವುದುಂಟೇ?

ಆಸ್ಪತ್ರೆಯಲ್ಲಿ ಆ ಪೆಟ್ಟಿಗೆಯನ್ನು ಒಂದು ಕೂಸಿನ ಯಂತ್ರಕ್ಕೆ ಜೋಡಿಸಿ ಅವಳು ಇನ್ನೂ ತೊಟ್ಟಿಲ ಬಳಿಯೇ ನಿಂತಿದ್ದಳು. ಕರೆಂಟು ಹೋಯಿತು. ಯಂತ್ರ ನಾಲ್ಕು ಉಸಿರು ನಡೆದು ನಿಂತಿತು. ಹೊರಗೆ ಜನರೇಟರ್ ಕೆಮ್ಮುತ್ತಿತ್ತು, ಹತ್ತಲಿಲ್ಲ. ಕೂಸಿನ ತುಟಿ ನೀಲಿಗಟ್ಟಿತು. ದಾದಿ ಗಾಳಿಚೀಲ ಕಸಿದು ತಂದು ಕೈಯಲ್ಲೇ ಒತ್ತತೊಡಗಿದಳು. ಒತ್ತುವುದು, ಬಿಡುವುದು. ಒತ್ತುವುದು, ಬಿಡುವುದು. ಕೊನೆಗೆ ದೀಪ ಬಂತು, ಕೂಸು ಅತ್ತಿತು.

“ಒಂದು ಚೂರೂ ಕಲ್ಮಶ ಬಿಟ್ಟಿರಲಿಲ್ಲವಲ್ಲ!” ಎಂದು ಅವಳು ಮುದುಕನ ಮುಂದೆ ಅತ್ತಳು.

“ಹಾಲು ಎಷ್ಟೇ ಚೊಕ್ಕವಾಗಿರಲಿ ತಾಯಿ, ಹೆಪ್ಪು ಬೀಳದೆ ಗಟ್ಟಿಯಾಗುತ್ತದೆಯೇ?” ಅಂದ ಮುದುಕ.

ಅವಳು ಹಳೆಯ ಹಾಳೆಯನ್ನು ಮತ್ತೆ ಪರೀಕ್ಷಿಸಿದಳು. ಸಾರಜನಕ ಕೂತ ಕಡೆಯಲ್ಲೇ ವಿದ್ಯುತ್ತು ತಂಗುತ್ತಿತ್ತು. ಅಪ್ಪಟ ಹಾಳೆಯಲ್ಲಿ ಅದಕ್ಕೆ ಕಾಲೂರಲು ಜಾಗವಿರಲಿಲ್ಲ, ಬಂದಷ್ಟೇ ಬೇಗ ಜಾರಿಹೋಗಿತ್ತು. ಅಂದು ಅವಳು ಅಮೋನಿಯಾ ಕೊಳವೆಯ ತಿರುಪನ್ನು ಬೇಕಾದಷ್ಟೇ ಅಳೆದು, ತನ್ನ ಕೈಯಾರೆ ತೆರೆದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಅಭ್ಯಾಸಬಲದಿಂದ “ಹೂಂ” ಅಂದ.

“ಗಂಟಿನ ಮಾತು ಆಮೇಲಾಗಲಿ” ಎಂದರು ಗುರು. “ನಿನ್ನೆ ನೀನು ಹೂಂ ಅಂದ ಪಾಠದಲ್ಲಿ ನಾನು ಹೇಳಿದ್ದೇನು, ಹೇಳು ನೋಡೋಣ.”