ಯಂಕವ್ವನ ಹರಿಗೋಲು

ಪರದೇಶದ ಕುಂಪಣಿ ಸರ್ಕಾರ ನಮ್ಮವರ ಕೈಯಾಗಿನ ಕತ್ತಿ ಕಸಗೊಳ್ಳಾಕ ಬಂದ ಒಂದಾನೊಂದು ಕಾಲದಾಗ, ಹೊಳಿ ದಡದಾಗ ಅಂಬಿಗರ ಯಂಕವ್ವ ಅಂತ ಒಬ್ಬಾಕಿ ಇದ್ಲಂತ. ಗಂಡ ತೀರಿಹೋಗಿದ್ದ. ಮನ್ಯಾಗ ಕಣ್ಣು ಕಾಣದ ಅತ್ತಿ, ಹೊಳ್ಯಾಗ ಗಂಡ ಕಟ್ಟಿಕೊಟ್ಟ ತೊಗಲಿನ ಹರಿಗೋಲು, ಇಷ್ಟ ಆಕಿ ಸಂಸಾರ. ಊರ ಮಂದೀನೆಲ್ಲ ಆಕೀನೇ ಹೊಳಿ ದಾಟಸ್ತಿದ್ಲಂತ.

ಆ ಸೀಮಿ ನಾಯಕ, ನಮ್ಮ ಕತ್ತಿ ಕೊಡಂಗಿಲ್ಲ, ಈ ನೆಲ ನಮ್ಮದು ಅಂದ್ನಂತ. ಅಂದದ್ದ ತಡ, ಕುಂಪಣಿ ದಂಡು ತೋಫು ತಂದು ಕೋಟೆ ಗ್ವಾಡಿ ಒಡೀತಂತ. ನಾಯಕ ಅಗಸಿ ಬಾಗಿಲದಾಗ ಹೋರಾಡಿ ಸತ್ತ. ಆಮೇಲೆ ಅವನ ತಾಯಿ ಬಾಳವ್ವ, ಮಗನ ಹೆಣದ ಮುಂದ ಕುಂತು ಅಳಾಕೂ ಹೊತ್ತಿಲ್ಲದ, ಉಳಿದ ಮಂದೀನ ಕರ್ಕೊಂಡು ಹೊಳಿಗೆ ಬಂದ್ಲಂತ. ಹೊಳಿ ತುಂಬಿ ಕೆಂಪಗ ಹರೀತಿತ್ತು, ಹಿಂದ ದಂಡು ಬರ್ತಿತ್ತು.

ಯಂಕವ್ವ ಅವರನ್ನ ನೋಡಿದಾಕೀನೇ ಹರಿಗೋಲು ನೀರಿಗೆ ತಳ್ಳಿದ್ಲಂತ. ಮೊದಲನೇ ಸಲ ಗಾಯ ಆದವರನ್ನ ಮಲಗಿಸ್ಕೊಂಡು ದಾಟಿಸಿದ್ಲು. ಎರಡನೇ ಸಲ ಕೂಸಿನ ತಾಯಂದಿರನ್ನ. ಆಗ ಸುಳಿಗೆ ಸಿಕ್ಕು ಹರಿಗೋಲು ಬುಗುರಿ ಹಂಗ ತಿರುಗಿತು, ಯಂಕವ್ವ ಹುಟ್ಟು ಒತ್ತಿಹಿಡದು ಅದನ್ನ ಸುಳಿಯಿಂದ ಹೊರಗ ಎಳದ್ಲಂತ. ಮೂರನೇ ಸಲ ಬಾಳವ್ವನ್ನ, ಕತ್ತಿ ಹಿಡಿದವರನ್ನ. ಅಷ್ಟೊತ್ತಿಗೆ ಯಂಕವ್ವನ ಅಂಗೈ ಸುಲಿದು ಹುಟ್ಟಿನ ತುಂಬ ರಕ್ತ. ಆಚೆ ದಡದಾಗ ಇಳಿದು ಬಾಳವ್ವ ಸೆರಗು ಹರಿದು ಆ ಕೈಗೆ ಸುತ್ತಿ, ನೀನೂ ಇಲ್ಲೇ ಇರು ಅಂದ್ಲಂತ. ಇಲ್ಲ ಅವ್ವಾರ, ನಮ್ಮತ್ತಿ ಒಬ್ಬಾಕೀನ ಅದಾಳ ಅಂತ ಯಂಕವ್ವ ತಿರುಗಿ ಬಂದ್ಲು.

ಬಂದು ಅತ್ತೀನ ನೆರೆಮನಿಗೆ ಬಿಡೂದ್ರಾಗ ದಂಡು ಬಂತಂತ. ದಂಡಿನ ಸುಬೇದಾರ, ನಮ್ಮನ್ನ ದಾಟಿಸು, ಹೊಲ ಕೊಡಸ್ತೀನಿ ಅಂದ. ಒಲ್ಲೆ ಅಂದ್ಲು. ಗುಡಿಸಲು ಸುಡ್ತೀನಿ ಅಂದ. ಒಲ್ಲೆ ಅಂದ್ಲು. ಸುಟ್ಟೇಬಿಟ್ಟ. ಆಮೇಲೆ, ನಾವ ಹುಟ್ಟು ಹಾಕ್ಕೊಂಡು ಹೋಗ್ತೀವಿ ಅಂತ ಹರಿಗೋಲಿನ ಕಡೆ ನಡೆದ. ಯಂಕವ್ವ ಅವನಕಿಂತ ಮೊದಲ ಓಡಿಹೋಗಿ, ಕುಡಗೋಲು ತಗೊಂಡು, ಗಂಡ ಹೊಲಿದ ತೊಗಲನ್ನ ಈ ಕಡಿಯಿಂದ ಆ ಕಡಿತನಕ ಸೀಳಿಬಿಟ್ಲಂತ.

“ಈಗ ಕುಂತು ಹೋಗ್ರಿ,” ಅಂದ್ಲಂತ.

ಅವರು ಆಕೀನ ಗಿಡಕ್ಕ ಕಟ್ಟಿ ಹೊಡದು, ಬ್ಯಾರೆ ದಾರಿ ಹುಡುಕಿಕೊಂತ ಹೋದ್ರು. ಅಷ್ಟರಾಗ ದಾಟಿದವರು ಗುಡ್ಡ ಸೇರಿದ್ರಂತ. ನೆರೆಯವರು ಬಂದು ಹಗ್ಗ ಬಿಚ್ಚಿದಾಗ ಯಂಕವ್ವ ಸುಟ್ಟ ಗುಡಿಸಲ ಕಡೆ ನೋಡಲಿಲ್ಲ, ಹರಿದ ತೊಗಲು ಸವರಿಕೊಂತ ಅತ್ಲಂತ.

ಹೊಳಿ ಇಳೀತು, ದಂಡು ಬ್ಯಾರೆ ಕಡೆ ಯುದ್ಧಕ್ಕ ಹೋತು. ಆಮೇಲೆ ಒಂದು ಮುಂಜಾನೆ ಆಚೆ ದಡದಿಂದ ಅವತ್ತು ದಾಟಿದ ಮಂದಿ ಇಳಿದ ನೀರಾಗ ಹಾದು ಬಂದ್ರಂತ, ಹೆಗಲ ಮ್ಯಾಲ ಬಿದಿರು, ತಲಿ ಮ್ಯಾಲ ತೊಗಲು. ಗಾಯ ಮಾಯ್ದವರು ಬಿದಿರು ಹೆಣೆದ್ರು, ತಾಯಂದಿರು ತೊಗಲಿಗೆ ಎಣ್ಣಿ ಸವರಿದ್ರು. ಹೊಸಾ ಹರಿಗೋಲು ನೀರಿಗೆ ಇಳಿದ ಕೂಡ್ಲೆ ಯಂಕವ್ವ ರೂಢಿ ಮ್ಯಾಲ ಹುಟ್ಟಿಗೆ ಕೈ ಚಾಚಿದ್ಲು. ಬಾಳವ್ವ ಆ ಕೈ ಹಿಡಕೊಂಡ್ಲಂತ.

“ನನ್ನವ್ವಾ, ನಾವು ಮಣ್ಣಾಗೋ ದಿನ ನೀ ನಮ್ಮನ್ನ ಉಳಿಸಿದಿ. ಇವತ್ತ ನೀ ಕುಂದ್ರು, ನಾವು ನಿನ್ನ ದಾಟಸ್ತೀವಿ.”

ಊರನ್ನೆಲ್ಲ ದಾಟಿಸಿದಾಕೀನ ಅಲ್ಲೀತನಕ ಯಾರೂ ದಾಟಿಸಿದ್ದಿಲ್ಲ. ಅತ್ತೀನ ಮಗ್ಗಲಕ್ಕ ಕುಂದ್ರಿಸ್ಕೊಂಡು ತಾನೂ ಕುಂತ್ಲಂತ. ಕಣ್ಣು ಕಾಣದ ಅತ್ತಿ, ಹುಟ್ಟು ಹಾಕೋರು ಯಾರವ್ವಾ ಅಂತ ಕೇಳಿದ್ಲು.

“ನಮ್ಮ ಮಂದಿ, ಅತ್ತಿ.”

ಆಚೆ ದಡದಾಗ ಇಬ್ಬರಿಗೂ ಮನಿ ಕಟ್ಟಿಕೊಟ್ರು, ಸುಖದಾಗ ಇದ್ರಂತ. ಆ ಪರದೇಶದವರು ಇನ್ನೂ ಭಾಳ ವರ್ಷ ಆಳಿದ್ರು. ಆದ್ರ ಅವತ್ತು ದಾಟಿದ ಕೂಸುಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಮತ್ತ ಮತ್ತ ಎದ್ದು ಕಡೀಗೆ ಅವರನ್ನ ಹೊರಗ ಹಾಕಿದ್ರಂತ. ನಾವು ಇವತ್ತ ಅಂಜದಂಗ ಮಲಗ್ತೀವಲ್ಲ, ಅದು ಅಂಥವರ ಪುಣ್ಯ, ಕೂಸ. ಕತಿ ದಡ ಸೇರ್ತು, ನೀನೂ ಕಣ್ಣು ಮುಚ್ಚು.