ಬಾಳವ್ವನ ಬಾವಿ, ರಾಜನ ಬೋರ್ಡು

ಅತ್ತೆ ಮನೆಯಲ್ಲಿ ಮಲಗುತ್ತದೆ, ಮಾವನ ಮನೆಯಲ್ಲಿ ಸೀನುತ್ತದೆ, ಮಂಗಳವಾರ ಮಾತ್ರ ಬಾಲ ಇರುತ್ತದೆ. ಏನದು, ಹೇಳಿ ನೋಡೋಣ? ಸೋತಿರಾ? ನನಗೂ ಗೊತ್ತಿಲ್ಲ. ಸೋತವರು ಗದ್ದಲ ಮಾಡದೆ ಕತೆ ಕೇಳಬೇಕು, ಅಷ್ಟೇ.

ಒಂದಾನೊಂದು ಊರಿನಲ್ಲಿ ಬಾಳವ್ವ ಅಂತ ಒಬ್ಬಳಿದ್ದಳು. ಅವಳ ಹಿತ್ತಲಲ್ಲಿ ಒಂದು ಬಾವಿ. ಊರಿಗೆಲ್ಲ ಅದೊಂದೇ ಸಿಹಿನೀರು. ನೆಲ ಎಲ್ಲಿ ಕೆದಕಿದರೂ ಕಲ್ಲಿದ್ದಲು. ಜನ ಕದ್ದು ಅಗೆದರು. ಹಳ್ಳ ಕರ್ರಗಾಯಿತು. ಎಮ್ಮೆ ಕೆಮ್ಮಿತು. ಕೋಳಿ ಕಪ್ಪು ಮೊಟ್ಟೆ ಇಟ್ಟು ತಾನೇ ಹೆದರಿ ಓಡಿತು.

ರಾಜನಿಗೆ ಸಿಟ್ಟು ಬಂತು. ಅವನಿಗೆ ಬೋರ್ಡಿನ ಹುಚ್ಚು. "ಇಲ್ಲಿ ಅಗೆಯಬಾರದು ಅಂತ ಬೋರ್ಡು ನೆಡ್ರಿ!" ಅಂದ.

ಬೋರ್ಡು ನೆಡಲು ಗುಂಡಿ ಬೇಕಲ್ಲ? ಸಿಪಾಯಿಗಳು ಅಗೆದರು. ಕಲ್ಲಿದ್ದಲು ಸಿಕ್ಕಿತು. ಸಿಕ್ಕಿದ್ದನ್ನು ಬಿಡಲಾದೀತೇ? ಇನ್ನಷ್ಟು ಅಗೆದರು. ಬೋರ್ಡು ಗುಂಡಿಯೊಳಗೆ ಬಿತ್ತು. ಬೋರ್ಡು ಕಾಣದಿದ್ದರೆ ರಾಜ ಬಿಟ್ಟಾನೆಯೇ? ಪಕ್ಕದಲ್ಲಿ ಇನ್ನೊಂದು ಬೋರ್ಡು. ಅದಕ್ಕೆ ಇನ್ನೊಂದು ಗುಂಡಿ. ಮತ್ತೊಂದು ಬೋರ್ಡು, ಮತ್ತೊಂದು ಗುಂಡಿ. ಬಂದ ಕಲ್ಲಿದ್ದಲು ಎಲ್ಲಿ ಹೋಯಿತು? ರಾಜನ ಬಚ್ಚಲ ಹಂಡೆಯ ಕೆಳಗೆ.

ಒಂದು ದಿನ ಬಾವಿ ಕೂಗಿತು: "ಬಾಳಕ್ಕಾ, ನನ್ನ ತಳಕ್ಕ ತೂತು ಬಿದ್ದೈತಿ. ನೀರೆಲ್ಲ ಆ ಗುಂಡಿಗೆ ಹೊಂಟೈತಿ."

"ಅಯ್ಯ ನನ್ನವ್ವ! ಎಷ್ಟು ಉಳದೈತಿ?"

"ನಾಕು ಕೊಡ."

ಬಾಳವ್ವ ಅರಮನೆಗೆ ಓಡಿದಳು. ರಾಜ ಜಳಕಕ್ಕೆ ಕೂತಿದ್ದ.

"ದೊರೀ, ಗುಂಡಿ ಮುಚ್ಚಿಸ್ರಿ. ಊರು ನೀರಿಲ್ಲದ ಸಾಯ್ತೈತಿ!"

"ಬೋರ್ಡು ಇದ್ದಲ್ಲಿ ಗುಂಡಿ ಹೆಂಗ ಇರ್ತಾವಬೇ? ಓದಾಕ ಬರೂದಿಲ್ಲೇನು?" ಅಂದ ರಾಜ, ಬೆನ್ನಿಗೆ ಬಿಸಿನೀರು ಸುರಿದುಕೊಳ್ಳುತ್ತ. "ಲೇ ಸಿಪಾಯಿ, ಬೋರ್ಡು ಇಲ್ಲದ ಗುಂಡಿ ಯಾವುದೈತಿ ಊರಾಗ?"

ಸಿಪಾಯಿ ಊರೆಲ್ಲ ಸುತ್ತಿ ಬಂದ. "ಒಂದೇ ಐತ್ರಿ ದೊರೀ. ಈಕಿ ಬಾವಿ."

"ಮುಚ್ರಿ ಅದನ್ನ!"

ಬಾವಿ ಮುಚ್ಚಲು ಮಣ್ಣು ಬೇಕಲ್ಲ? ಅದಕ್ಕೆ ಹೊಸ ಗುಂಡಿ ಅಗೆದರು. ಕಲ್ಲಿದ್ದಲು ಸಿಕ್ಕಿತು.

ಬಾವಿ ನೋಡಿತು, ನೋಡಿತು. ಎದ್ದಿತು. ಕಟ್ಟೆಯನ್ನು ಸೀರೆಯ ಹಾಗೆ ಎತ್ತಿ ಕಟ್ಟಿತು. ರಾಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, "ನಡಿ ಅಕ್ಕಾ" ಎಂದು ಅರಮನೆಗೆ ಹೋಗಿ, ನಾಕೂ ಕೊಡ ನೀರನ್ನು ಹಂಡೆಯ ಒಲೆಗೆ ಸುರಿಯಿತು. ಬೆಂಕಿ ಆರಿತು. ಸೋಪು ಹಚ್ಚಿಕೊಂಡ ರಾಜ ಗಡಗಡ ನಡುಗಿದ. ಆರಿದ ಒಲೆಗೆ ಕಲ್ಲಿದ್ದಲು ಯಾಕೆ? ಅಗೆಯುವುದು ಅವತ್ತೇ ನಿಂತಿತು.

ನೀತಿ: ಬಾವಿ ತೋಡಿಸುವವರು ಕಾಲಿರುವ ಬಾವಿಯನ್ನೇ ತೋಡಿಸಬೇಕು.

ಒಲೆ ಆರಿದ್ದು, ರಾಜ ನಡುಗಿದ್ದು, ಎಲ್ಲ ನಾನು ಕಟ್ಟಿದ್ದು. ಬಾವಿಗೆಲ್ಲಿಯ ಕಾಲು? ನಡೆಯುತ್ತಿರುವುದು ಬಾಳವ್ವ, ಕೊಡ ಹೊತ್ತು, ದಿನಾ ಎರಡು ಮೈಲಿ.