ಟಕ್ ಟಕ್ ಕೋಲಿನ ಟೊಪ್ಪಿಗೆ

ಕಿವಿ ಇತ್ತ ಕೊಡಿ ಮಕ್ಕಳೇ, ಕೋಲು ಬರ್ತಾ ಇದೆ. ಟಕ್! ಟಕ್! ಟಕ್!

ಒಂದು ಊರು. ಊರಲ್ಲೊಬ್ಬಳು ನಿಂಗಿ. ನಿಂಗಿಗೆ ಕಣ್ಣು ಕಾಣೋದಿಲ್ಲ. ಅದಕ್ಕೇನಂತೆ? ಅವಳ ಕೈಯಲ್ಲಿ ಬಿಳಿ ಕೋಲಿದೆ. ಕೋಲಿನ ತುದಿಗೆ ಕರಿ ರಬ್ಬರ್ ಟೊಪ್ಪಿಗೆ ಇದೆ. ಟಕ್ ಅಂದರೆ ಕಲ್ಲು. ಡಬ್ ಅಂದರೆ ಮಣ್ಣು. ಚಳಕ್ ಅಂದರೆ ನೀರು. ಕೋಲು ಹೇಳುತ್ತೆ, ನಿಂಗಿ ನಡೀತಾಳೆ.

ಇವತ್ತು ದೊಡ್ಡ ದಿನ! ಇವತ್ತು ನಿಂಗಿ ಶಾಲೆಗೆ ಒಬ್ಬಳೇ ಹೋಗ್ತಾಳೆ. ಅಜ್ಜಿಯ ಕೈ ಹಿಡಿಯೋದಿಲ್ಲ. ಒಬ್ಬಳೇ! ಖುಷಿಯೋ ಖುಷಿ. ದೊಡ್ಡ ದಿನ ಅಂತ ಟೊಪ್ಪಿಗೆ ಬಿಚ್ಚಿದಳು. ತಿಕ್ಕಿ ತಿಕ್ಕಿ ತೊಳೆದಳು. ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಳು.

ಬಂತು ಕಾಗೆ. ಕರ್ರಗಿದೆ, ಗುಂಡಗಿದೆ... ಆಹಾ, ನೇರಳೆ ಹಣ್ಣು! ಕಚ್ಚಿಕೊಂಡು ಮರ ಏರಿತು ಬೆಪ್ಪು ಕಾಗೆ.

"ಅಯ್ಯಯ್ಯ! ಟೊಪ್ಪಿಗಿ ಕಾಗಿ ಒಯ್ತು!" ಅಂದಳು ಅಜ್ಜಿ.

ನಿಂಗಿ ಬರೀ ಕೋಲು ಊರಿದಳು. ಕಚಕ್! ಮಣ್ಣಿಗೆ ಚುಚ್ಚಿಕೊಂಡಿತು. ಎಳೆದಳು. ಮತ್ತೆ ಕಚಕ್! ಓಣಿಯಲ್ಲಾದರೆ ಗೋಡೆ ಹಿಡಿದು ನಡೀಬಹುದು. ಶಾಲೆಯ ದಾರಿ ಬಟ್ಟಬಯಲು. ಅಲ್ಲಿ ಗೋಡೆ ಎಲ್ಲಿಂದ ತರೋದು?

"ಇವತ್ತು ನನ್ನ ಕೈ ಹಿಡ್ಕೊಂಡು ನಡಿಯವ್ವಾ," ಅಂದಳು ಅಜ್ಜಿ. "ನಾಳೆ ಒಬ್ಬಾಕಿ ಹೋಗೀಯಂತ."

"ಒಲ್ಲೆ! ಇವತ್ತೇ ಹೋಗಾಕಿ ನಾ!"

ಗೋಡೆ ಸವರುತ್ತಾ ಸವರುತ್ತಾ ಮರದ ಬುಡಕ್ಕೆ ಬಂದಳು ನಿಂಗಿ.

"ಕಾಗಿ ಕಾಗಿ, ಟೊಪ್ಪಿಗಿ ಕೊಡು. ಟೊಪ್ಪಿಗಿ ಕೋಲಿಗೆ, ಕೋಲು ನನಗ, ನಾನು ಸಾಲಿಗೆ!"

"ಕೊಡಂಗಿಲ್ಲ!" ಅಂತು ಕಾಗೆ. "ರೊಟ್ಟಿ ತಾ, ಆಮ್ಯಾಲೆ ಕೊಡ್ತೀನಿ."

ಗೋಡೆ ಸವರುತ್ತಾ ಸವರುತ್ತಾ ಅಜ್ಜಿಯ ಹತ್ತಿರ ಬಂದಳು ನಿಂಗಿ.

"ಅಜ್ಜಿ ಅಜ್ಜಿ, ರೊಟ್ಟಿ ಕೊಡು. ರೊಟ್ಟಿ ಕಾಗಿಗೆ, ಟೊಪ್ಪಿಗಿ ಕೋಲಿಗೆ, ಕೋಲು ನನಗ, ನಾನು ಸಾಲಿಗೆ!"

"ಎಲ್ಲಿಂದ ಕೊಡಲಿ?" ಅಂದಳು ಅಜ್ಜಿ. "ಒಲಿ ಆರೇತಿ. ಕಟಗಿ ತಾ, ಆಮ್ಯಾಲೆ ಕೊಡ್ತೀನಿ."

ಗೋಡೆ ಸವರುತ್ತಾ ಸವರುತ್ತಾ ಬಡಿಗ ಮೋನಪ್ಪನ ಹತ್ತಿರ ಬಂದಳು ನಿಂಗಿ.

"ಕಾಕಾ ಕಾಕಾ, ಕಟಗಿ ಕೊಡು. ಕಟಗಿ ಅಜ್ಜಿಗೆ, ರೊಟ್ಟಿ ಕಾಗಿಗೆ, ಟೊಪ್ಪಿಗಿ ಕೋಲಿಗೆ, ಕೋಲು ನನಗ, ನಾನು ಸಾಲಿಗೆ!"

ಮೋನಪ್ಪ ಬಾಯಿ ತುಂಬ ಆಕಳಿಸಿದ. "ಆss! ಚಾ ಕುಡೀದ ನನ್ನ ಕೈ ಏಳಂಗಿಲ್ಲವ್ವಾ. ಹಾಲು ತಾ, ಆಮ್ಯಾಲೆ ಕೊಡ್ತೀನಿ."

ಗೋಡೆ ಸವರುತ್ತಾ ಸವರುತ್ತಾ ಆಡಿನ ಹತ್ತಿರ ಬಂದಳು ನಿಂಗಿ.

"ಆಡವ್ವ ಆಡವ್ವ, ಹಾಲು ಕೊಡು. ಹಾಲು ಕಾಕಾಗ, ಕಟಗಿ ಅಜ್ಜಿಗೆ, ರೊಟ್ಟಿ ಕಾಗಿಗೆ, ಟೊಪ್ಪಿಗಿ ಕೋಲಿಗೆ, ಕೋಲು ನನಗ, ನಾನು ಸಾಲಿಗೆ!"

ಆಡು ಅತ್ತಿತು. "ಮ್ಯಾss! ನನ್ನ ಮರಿ ಕಾಳಿನ ಚೀಲ ಒಟ್ಟಿದ ಕೋಣ್ಯಾಗ ಹೊಕ್ಕೇತಿ. ಅಲ್ಲಿ ಕಿಟಕಿ ಇಲ್ಲ, ಬರೇ ಕತ್ತಲ. ಮಂದಿ ಬಂದ್ರು, ಇಣುಕಿದ್ರು, ಕಾಣವಲ್ದು ಅಂತ ಹೋದ್ರು. ಮರಿ ಬರದ ನಾ ಹಾಲು ಬಿಡಂಗಿಲ್ಲ."

"ಕತ್ತಲನ? ಅಷ್ಟೇನ?" ನಿಂಗಿ ನಕ್ಕಳು. "ನನ್ನ ಕೋಲಿಗೆ ಎಂಥಾ ಕತ್ತಲ!"

ಒಳಗೆ ಹೊಕ್ಕಳು. ಕೋಲನ್ನು ಮೆಲ್ಲಗೆ ಆಡಿಸಿದಳು. ಇದು ಚೀಲ. ಇದೂ ಚೀಲ. ಇದು ಗೋಡೆ. ಗೋಡೆಗೂ ಚೀಲಕ್ಕೂ ನಡುವೆ ಸಂದಿ. ಶ್! ಸಂದಿಯಲ್ಲಿ ಸಣ್ಣ ಉಸಿರು. ಕೋಲು ಕಂಕುಳಿಗೆ ಸಿಕ್ಕಿಸಿದಳು, ಕೈ ಹಾಕಿದಳು. ಮೆತ್ತಗೆ! ಬೆಚ್ಚಗೆ! ಪಿಟಿಪಿಟಿ ಅನ್ನುವ ಎದೆ!

"ಸಿಕ್ಕಿತು! ಸಿಕ್ಕಿತು!"

ಇನ್ನು ನೋಡಿ ಮಕ್ಕಳೇ ಓಟ!

ಮರಿ ಆಡಿಗೆ. ಗುದ್ದಿ ಗುದ್ದಿ ಕುಡಿಯಿತು ಮರಿ. ಉಳಿದ ಹಾಲು ಚೊಂಬಿಗೆ. ಹಾಲು ಕಾಕಾಗೆ. ಸುರ್ರ್ ಅಂತ ಚಹಾ ಕುಡಿದ, ಎದ್ದಿತು ಕೈ! ಕಟ್ಟಿಗೆ ಅಜ್ಜಿಗೆ. ಒಲೆ ಭಗ್, ರೊಟ್ಟಿ ಪಟಪಟ! ರೊಟ್ಟಿ ಕಾಗೆಗೆ.

"ತಗೋ ನಿನ್ನ ನೇರಳೆ ಹಣ್ಣು!" ಅಂತು ಕಾಗೆ. "ಕಡಿದು ಕಡಿದು ಕೊಕ್ಕು ನೋಯಾಕ ಹತ್ತೇತಿ!"

ಟೊಪ್ಪಿಗೆ ಕೋಲಿಗೆ. ಕೋಲು ನಿಂಗಿಗೆ. ನಿಂಗಿ... ಶಾಲೆಗೆ!

ಅಜ್ಜಿ ಬಾಗಿಲಲ್ಲಿ ನಿಂತಳು. ಅಭ್ಯಾಸ ನೋಡಿ, ಕೈ ಚಾಚಿದಳು. ಆಮೇಲೆ ತಾನೇ ಹಿಂದಕ್ಕೆ ಎಳೆದುಕೊಂಡಳು.

ಟಕ್, ಟಕ್, ಕಲ್ಲು. ಡಬ್, ಡಬ್, ಬಯಲು. ಚಳಕ್! ಕಾಲುವೆ ನೀರು, ದಾಟು ನಿಂಗಿ! ಟಕ್, ಟಕ್, ಶಾಲೆಯ ಮೆಟ್ಟಿಲು. ಢಣ್ ಢಣ್ ಗಂಟೆ ಹೊಡೀತು, ನಿಂಗಿ ಹೊಸ್ತಿಲು ದಾಟಿದಳು.

"ಯಾರ ಜೋಡಿ ಬಂದಿ ನಿಂಗಿ?" ಅಂದರು ಪಾಠ ಹೇಳುವ ಅಕ್ಕೋರು.

ನಿಂಗಿ ಕೋಲು ಮೇಲೆತ್ತಿ, ಊರಿಗೆಲ್ಲ ಕೇಳೋ ಹಾಗೆ ಕೂಗಿದಳು.

"ಒಬ್ಬಾಕೀ!"

ಅವಳ ಕೋಲು ಅಲ್ಲಿ ಟಕ್, ನಮ್ಮ ಕಥೆ ಇಲ್ಲಿ ಟಕ್!